ಥಿಯರಿ ಗೊತ್ತಿಲ್ಲದ ನರ್ಸಮ್ಮ

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರಾದರೂ ಓದಿ ಅವರ ಕಿವಿಗೆ ಹಾಕುತ್ತಾರೆ. ಮರುದಿನವೇ ಅವರು ಗುಬ್ಬಿಯಿಂದ ಬಸ್ಸು ಹತ್ತಿ ಬಂದು, "ನನ್ನ ಒಂದ್ಮಾತು ಕೇಳ್ದೆ ನನ್ ವಿಷ್ಯ ಹೆಂಗೆ ಬರ್ದೆ?" ಎಂದು ಜಗಳ ತೆಗೆಯುತ್ತಾರೆ. ಹೆಸರು ಹೇಳದಿದ್ದರೂ ನಷ್ಟವಿಲ್ಲ, ಏಕೆಂದರೆ ನಮ್ಮಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹೊಸದಾಗಿ ಬಂದವರು 'ಸಿಸ್ಟರ್' ಎಂದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ. "ಸಿಸ್ಟರ್ ಅನ್ನಕ್ಕೆ ನಿಮ್ಮಪ್ಪ ನಮ್ಮಪ್ಪ ಒಬ್ರೇನಾ? ನರ್ಸಮ್ಮ ಅನ್ನಿ, ಸಾಕು." ಹಾಗಾಗಿ ಅವರು ನರ್ಸಮ್ಮ. ಹೋದ ತಿಂಗಳು ಕೆಲಸದಿಂದ ನಿವೃತ್ತರಾದರು.

ನಾನು ಕುಣಿಗಲ್ಲಿನವಳು. ಎಂಟು ವರ್ಷ ಗಾರ್ಮೆಂಟ್ಸಿನಲ್ಲಿ ಶರ್ಟಿನ ಕಾಲರು ಹೊಲಿದು ಕುತ್ತಿಗೆ ಹಿಡಿದುಕೊಂಡಾಗ, ಆರು ತಿಂಗಳ ರೋಗಿ ಆರೈಕೆಯ ಕೋರ್ಸು ಮಾಡಿ, ತುಮಕೂರಿನಿಂದ ಗುಬ್ಬಿಗೆ ಹೋಗುವ ರಸ್ತೆಯಲ್ಲಿರುವ ಒಂದು ಹಿರಿಯರ ಮನೆಗೆ ಕೆಲಸಕ್ಕೆ ಸೇರಿದೆ. ಆಸ್ಪತ್ರೆಯಲ್ಲಿರುವಷ್ಟು ಕಾಯಿಲೆಯೇನೂ ಇಲ್ಲದ, ಆದರೆ ಸ್ನಾನ, ಊಟ, ಮಾತ್ರೆ, ನಡಿಗೆಗೆ ಇನ್ನೊಬ್ಬರ ಕೈ ಬೇಕಾದ ಇಪ್ಪತ್ತೆರಡು ಜನ ಹಿರಿಯರು ಅಲ್ಲಿದ್ದರು. ಅಲ್ಲಿಯ ಹಳಬರಲ್ಲಿ ಹಳಬರು ನರ್ಸಮ್ಮ. ಕುಳ್ಳಗೆ, ದಪ್ಪಗೆ, ಹಣೆಗೆ ವಿಭೂತಿ, ತುರುಬಿಗೆ ಕನಕಾಂಬರ. ಮಂಡಿನೋವಿನಿಂದ ಬಾತುಕೋಳಿಯಂತೆ ಆಚೀಚೆ ತೂಗಿಕೊಂಡು ನಡೆಯುತ್ತಿದ್ದರು. ಡ್ಯೂಟಿಯಲ್ಲಿ ಹೂ ಮುಡಿಯಬಾರದೆಂಬ ನಿಯಮವಿತ್ತು. ಅವರು ಅದನ್ನು ಒಪ್ಪಿಕೊಂಡು, ಡ್ಯೂಟಿಗೆ ಬರುವ ಮುಂಚೆಯೇ ಮುಡಿದುಕೊಂಡು ಬರುತ್ತಿದ್ದರು.

ಮೊದಲ ದಿನ ನನ್ನ ಸರ್ಟಿಫಿಕೇಟನ್ನು ಕೈಯಲ್ಲಿ ಹಿಡಿದು ದೂರ ಇಟ್ಟುಕೊಂಡು ಓದಿದರು. ನಾನು ಗೌರವಕ್ಕೆ, "ನೀವು ಯಾವ ಕೋರ್ಸು ಮಾಡಿದ್ದೀರಕ್ಕ?" ಎಂದೆ.

"ಪ್ರಾಕ್ಟಿಕಲ್ ನರ್ಸು ಅಂತ ಕೊಟ್ಟವ್ರೆ ಕಣವ್ವ. ಥಿಯರಿ ನಂಗೆ ಗೊತ್ತಿಲ್ಲ," ಎಂದರು. ಆಮೇಲೆ ಒಂದು ಮಾತು ಸೇರಿಸಿದರು. "ನೀನು ಕಾಲರು ಹೊಲ್ದಿದೀನಿ ಅಂತೀಯ. ಒಂದು ನೆನಪಿಟ್ಕೋ. ಇವ್ರನ್ನ ಬಟ್ಟೆ ತರ ತಿರುಗ್ಸಿ ಮಡಚಕ್ಕಾಗಲ್ಲ. ಕೈ ಇಡೋ ಮುಂಚೆ ಹೇಳ್ಬೇಕು, ಇಡ್ತಾ ಇದೀನಿ ಅಂತ."

ಇದೇ ಅವರ ಥಿಯರಿ ಎಂದು ನನಗೆ ತಿಳಿಯಲು ವರ್ಷವೇ ಬೇಕಾಯಿತು. ಮಾತು ಬಾರದೆ ಮಲಗಿದವರಿಗೂ ಅವರು ಹೇಳುತ್ತಿದ್ದರು. "ಅಜ್ಜಿ, ಈಗ ಎಡಗೈ ಎತ್ತೀನಿ. ಈಗ ಸೆರಗು ಸರಿ ಮಾಡ್ತೀನಿ. ನೀರು ಒಸಿ ತಣ್ಣಗೈತೆ, ಬೈಬೇಡಿ." ಬೈಯಲು ಆ ಅಜ್ಜಿಗೆ ಶಕ್ತಿಯಿರಲಿಲ್ಲ. ಆದರೂ ನರ್ಸಮ್ಮ ಪ್ರತಿ ದಿನ ಮೊದಲೇ ಕ್ಷಮೆ ಕೇಳುತ್ತಿದ್ದರು.

ನಮ್ಮಲ್ಲಿ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದ ಒಬ್ಬರು ತಾತ ಇದ್ದರು. ಮರೆವಿನ ಕಾಯಿಲೆ. ಮಗಳ ಹೆಸರು, ಊಟ ಮಾಡಿದ್ದು ಎಲ್ಲ ಮರೆತಿದ್ದರೂ ಸ್ಟಾಪುಗಳು ಮಾತ್ರ ಒಂದೂ ತಪ್ಪುತ್ತಿರಲಿಲ್ಲ. ಅವರಿಗೆ ಸ್ನಾನ ಎಂದರೆ ಆಗದು. "ಸ್ನಾನ ಮಾಡೋಣ ತಾತ" ಎಂದು ಒಂದು ದಿನ ನಾನು ಅರ್ಧ ಗಂಟೆ ಗೋಗರೆದೆ. ಕೊನೆಗೆ ಬಕೆಟ್ಟಿನ ನೀರನ್ನು ಅವರೇ ನನಗೆ ಹಾಕಿ ಕಳಿಸಿದರು. ತೊಟ್ಟಿಕ್ಕುತ್ತ ಹೊರಗೆ ಬಂದ ನನ್ನನ್ನು ನೋಡಿ ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕು, ಒಳಗೆ ಹೋದರು.

"ಏನ್ಸಾರ್, ಗಾಡಿ ಇನ್ನೂ ಇಲ್ಲೇ ನಿಂತೈತೆ?"

"ಯಾಕಮ್ಮ?"

"ಡಿಪೋದಿಂದ ಹೇಳಿ ಕಳಿಸವ್ರೆ. ತೊಳ್ದು ಕೊಟ್ರೇನೆ ಬೆಳಿಗ್ಗೆ ಟ್ರಿಪ್ಪಿಗೆ ಬಿಡೋದಂತೆ."

ತಾತ ತಕ್ಷಣ ಎದ್ದರು. ಬಚ್ಚಲ ಬಾಗಿಲಲ್ಲಿ ನರ್ಸಮ್ಮ "ಹೋಲ್ಡಾನ್!" ಎಂದರು, ತಾತ ನಿಂತರು. "ರೈಟ್!" ಎಂದರು, ತಾತ ಒಳಗೆ ಹೋದರು. ಅಂದಿನಿಂದ ನಮ್ಮ ಉದ್ದನೆಯ ಪಡಸಾಲೆಯೇ ಬಸ್ಸಾಯಿತು. ಊಟದ ಮನೆಗೆ ಹೋಗುವವರನ್ನೆಲ್ಲ ತಾತ ತಡೆದು "ಎಲ್ಲಿಗೆ?" ಎನ್ನುತ್ತಿದ್ದರು. ನಾವು "ಒಂದು ಕುಣಿಗಲ್", "ಎರಡು ಗುಬ್ಬಿ" ಎಂದು ಹೇಳಿ, ಹಳೆಯ ಕ್ಯಾಲೆಂಡರಿನ ಚೂರನ್ನು ಟಿಕೆಟ್ಟೆಂದು ಇಸಿದುಕೊಂಡು ಮುಂದೆ ಹೋಗಬೇಕಿತ್ತು. ನಡೆಯಲು ಸೋಮಾರಿತನ ಮಾಡುತ್ತಿದ್ದ ಅಜ್ಜಿಯರೂ ಟಿಕೆಟ್ಟಿನ ಆಸೆಗೆ ನಡೆದು ಬರತೊಡಗಿದರು.

ಒಮ್ಮೆ ಮೇಲಿನವರು ಯಾರೋ ತಪಾಸಣೆಗೆ ಬಂದರು. ಮ್ಯಾನೇಜರು ಎರಡು ದಿನದಿಂದ ನಮ್ಮನ್ನು ನಿಲ್ಲಲು ಬಿಡದೆ ಗುಡಿಸಲು, ಒರೆಸಲು ಹಚ್ಚಿದ್ದರು. ಬಂದವರು ಗಂಭೀರ ಮುಖದವರು. ಪಡಸಾಲೆಗೆ ಕಾಲಿಟ್ಟಾಗ ಎದುರಿಗೆ ಕಂಡಕ್ಟರ್ ತಾತ. "ಎಲ್ಲಿಗೆ?" ಎಂದರು.

ಅಧಿಕಾರಿ, "ಇನ್‌ಸ್ಪೆಕ್ಷನ್," ಎಂದರು.

ಆ ಪದ ಕೇಳಿದ್ದೇ ತಡ ತಾತ ನೆಟ್ಟಗೆ ನಿಂತರು. ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡರು. "ಇಪ್ಪತ್ತೆರಡು ಸೀಟು ಸಾರ್. ಎಲ್ಲಾರ್ಗೂ ಟಿಕೆಟ್ ಆಗೈತೆ. ಈಯಮ್ಮ ಒಬ್ರುದೇ ಪಾಸು," ಎಂದು ನರ್ಸಮ್ಮನ ಕಡೆ ಬೆರಳು ತೋರಿಸಿದರು. ಮ್ಯಾನೇಜರ ಮುಖ ಸುಣ್ಣದಂತಾಯಿತು. ಅಧಿಕಾರಿ ನರ್ಸಮ್ಮನನ್ನು ನೋಡಿದರು. ನರ್ಸಮ್ಮ ಕುತ್ತಿಗೆಯಲ್ಲಿದ್ದ ಐಡಿ ಕಾರ್ಡನ್ನು ಎರಡೂ ಕೈಯಿಂದ ಎತ್ತಿ ಹಿಡಿದರು. ಅಧಿಕಾರಿ ಅದನ್ನು ಬಗ್ಗಿ ಓದಿ, "ಸರಿ ಇದೆ, ಬಿಡಿ ಗಾಡಿ," ಎಂದರು. ತಾತ "ರೈಟ್!" ಎಂದು ಕೂಗಿದ್ದು ರಸ್ತೆಯವರೆಗೂ ಕೇಳಿಸಿತು.

ದಿನಚರಿಯ ರಿಜಿಸ್ಟರಿನಲ್ಲಿ ನರ್ಸಮ್ಮ ಬರೆಯುತ್ತಿದ್ದ ರೀತಿ ಬೇರೆ. 'ಬಿಪಿ ಸರಿ ಇದೆ. ಮುಖ ಸರಿ ಇಲ್ಲ.' 'ಮೂರು ಇಡ್ಲಿ ತಿಂದರು, ನಾಲ್ಕನೆಯದಕ್ಕೆ ನಾಚಿಕೊಂಡರು.' ಮ್ಯಾನೇಜರು ಇದೆಲ್ಲ ಬೇಡ, ಇಂಗ್ಲಿಷಿನಲ್ಲಿ ಎಲ್ಲರಿಗೂ 'ಸ್ಟೇಬಲ್' ಎಂದು ಬರೆಯಿರಿ ಎಂದರು. ಮರುದಿನದ ರಿಜಿಸ್ಟರು ಹೀಗಿತ್ತು: 'ಎಲ್ಲರೂ ಸ್ಟೇಬಲ್. ಒಂಬತ್ತನೇ ರೂಮಿನವರು ಸೊಸೆ ಫೋನು ಬರುವವರೆಗೆ ಸ್ಟೇಬಲ್.' ವಾರಕ್ಕೊಮ್ಮೆ ಬರುತ್ತಿದ್ದ ಡಾಕ್ಟರು ಮಾತ್ರ ಬೇರೆಯವರ ಪುಟಗಳನ್ನು ಮಗುಚಿ, ನರ್ಸಮ್ಮನ ಅಕ್ಷರ ಹುಡುಕಿ ಓದುತ್ತಿದ್ದರು.

ಹಾಗೆಂದು ಅವರು ದೇವತೆಯೇನಲ್ಲ. ನನ್ನ ಊಟದ ಡಬ್ಬಿಯನ್ನು ನನಗಿಂತ ಮುಂಚೆ ತೆರೆದು, "ಉಪ್ಪು ಕಮ್ಮಿ" ಎಂದು ತೀರ್ಪು ಕೊಟ್ಟು, ಅರ್ಧ ಮುಗಿಸುತ್ತಿದ್ದರು. ಇಪ್ಪತ್ತೆರಡು ಜನರಿಗೆ ಸೂಜಿ ಚುಚ್ಚುವ ಕೈ ಅವರದು. ಆದರೆ ಸಿಬ್ಬಂದಿಗೆಲ್ಲ ಟಿಟಿ ಇಂಜೆಕ್ಷನ್ ಹಾಕಿಸಿದ ದಿನ ಅವರು ಕಾಣೆಯಾದರು. ಹುಡುಕಿದರೆ ಸ್ಟೋರ್ ರೂಮಿನಲ್ಲಿ ಡೈಪರಿನ ಪೆಟ್ಟಿಗೆಗಳ ಹಿಂದೆ ಕೂತಿದ್ದರು. ಎಳೆದು ತಂದಾಗ ನನ್ನ ಕೈಯನ್ನು ಹಿಡಿದುಕೊಂಡ ಬಿಗಿಗೆ ನನ್ನ ಮೂರು ಬಳೆ ಒಡೆದವು. ಅವರ ಮನೆಯಲ್ಲಿ ತೊಂಬತ್ತು ವರ್ಷದ ಅತ್ತೆ ಇದ್ದರು. ಒಂದು ಮಾತ್ರೆಯನ್ನೂ ನುಂಗದೆ ಗಟ್ಟಿಮುಟ್ಟಾಗಿದ್ದ ಅವರು, ನಾನು ಗುಬ್ಬಿಯ ಮನೆಗೆ ಹೋಗಿದ್ದಾಗ ಸೊಸೆಯ ಎದುರೇ ಹೇಳಿದರು, "ಇವ್ಳು ನರ್ಸಂತೆ. ಒಂದ್ಲೋಟ ಕಾಪಿ ಬಿಸಿಯಾಗಿ ಕೊಡಕ್ಕೆ ಬರಲ್ಲ." ನರ್ಸಮ್ಮ ನನ್ನ ಕಿವಿಯಲ್ಲಿ, "ಅದುಕ್ಕೇ ಕಣೇ ನಾನು ರಜಾ ಹಾಕಲ್ಲ. ರೆಸ್ಟು ಬೇಕು ಅಂದ್ರೆ ಡ್ಯೂಟಿಗೆ ಬರ್ತೀನಿ," ಎಂದರು.

ಇಷ್ಟೇ ಆಗಿದ್ದರೆ ಅವರನ್ನು ನೆನೆದು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನನ್ನ ಎರಡನೆಯ ವರ್ಷದಲ್ಲಿ ಒಂದು ಘಟನೆ ನಡೆಯಿತು.

ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿದ್ದ ಒಬ್ಬರು ಯಜಮಾನರು ನಮ್ಮಲ್ಲಿದ್ದರು. ಬುದ್ಧಿ ಚುರುಕು, ನಾಲಿಗೆ ಇನ್ನೂ ಚುರುಕು. ಸಕ್ಕರೆ ಕಾಯಿಲೆ, ಜೊತೆಗೆ ಸಿಹಿಯ ಚಪಲ. ವಾಕರ್ ಹಿಡಿದು ನಡೆಯುತ್ತಿದ್ದರು. ಏನು ಪಥ್ಯ ಮಾಡಿದರೂ ಅವರ ಸಕ್ಕರೆ ಇಳಿಯುತ್ತಿರಲಿಲ್ಲ. ಡಾಕ್ಟರು ಇನ್ಸುಲಿನ್ ಹೆಚ್ಚಿಸಲು ಹೊರಟಾಗ ನರ್ಸಮ್ಮ ತಡೆದರು.

"ಒಂದಿನ ಟೈಮ್ ಕೊಡಿ ಡಾಕ್ಟ್ರೇ. ಇರುವೆ ಕೇಳ್ತೀನಿ."

ಡಾಕ್ಟರು ಅರ್ಥವಾಗದೆ ನನ್ನ ಮುಖ ನೋಡಿದರು. ಮಧ್ಯಾಹ್ನ ಯಜಮಾನರು ಮಲಗಿದ್ದಾಗ ನರ್ಸಮ್ಮ ಗೋಡೆ ಹಿಡಿದುಕೊಂಡು, "ಶಿವಾ ಶಿವಾ" ಎನ್ನುತ್ತ ನೆಲದ ಮೇಲೆ ಕೂತರು. ಬಾಗಿಲ ಸಂದಿಯಿಂದ ಹೊರಟ ಕೆಂಪಿರುವೆಯ ಸಾಲು ಬೀರುವಿನ ಕಡೆ ಹೋಗಲಿಲ್ಲ, ದಿಂಬಿನ ಕಡೆಯೂ ಹೋಗಲಿಲ್ಲ. ನೇರವಾಗಿ ವಾಕರಿನ ಕಾಲಿಗೆ ಹೋಗಿ, ಮೇಲೆ ಹತ್ತಿ, ಅದರ ಒಂದು ತೂತಿನಲ್ಲಿ ಮಾಯವಾಯಿತು. ನರ್ಸಮ್ಮ ಆ ಕಾಲಿನ ತುದಿಯ ರಬ್ಬರ್ ಬುಷ್ಷನ್ನು ತಿರುಚಿ ಕಿತ್ತರು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೆರಳುದ್ದದ ಕೊಬ್ಬರಿ ಮಿಠಾಯಿಗಳು ಒಂದಾದ ಮೇಲೊಂದು ಅವರ ಮಡಿಲಿಗೆ ಬಿದ್ದವು. ನಾಲ್ಕು ಕಾಲಿನಲ್ಲೂ ಅದೇ.

ಸದ್ದಿಗೆ ಎಚ್ಚರಾದ ಯಜಮಾನರು ಒಂದು ಗಳಿಗೆ ಯೋಚಿಸಿ, "ಅದು ವಾಕರ್ ಜೊತೆಗೇ ಬಂದಿದ್ದು. ಕಂಪ್ನಿಯೋರು ಹಾಕಿರ್ತಾರೆ," ಎಂದರು.

"ಒಳ್ಳೆ ಕಂಪ್ನಿ," ಎಂದರು ನರ್ಸಮ್ಮ. ಅವರನ್ನು ನೆಲದಿಂದ ಎಬ್ಬಿಸಲು ಇಬ್ಬರು ಬೇಕಾಯಿತು.

ವಾಕರಿನ ಕಾಲುಗಳನ್ನು ಬಿಸಿನೀರಲ್ಲಿ ತೊಳೆದು, ಒಣಗಿಸಿ, ಬುಷ್ ಹಾಕುವ ಕೆಲಸ ನನಗೆ ಬಂತು. ಮೂರನ್ನು ಬಿಗಿಯಾಗಿ ಹಾಕಿದೆ. ನಾಲ್ಕನೆಯದನ್ನು ಒದ್ದೆಯಿರುವಾಗಲೇ ಅರ್ಧ ಒತ್ತಿದ್ದೆ, ಅಷ್ಟರಲ್ಲಿ ಯಾರೋ ಕರೆದರು. ಆಮೇಲೆ ಹಾಕಿದರಾಯಿತು ಎಂದುಕೊಂಡು ಹೋದವಳು ಮರೆತೆ. ಮಾರನೆಯ ಬೆಳಿಗ್ಗೆ ವಾಕರ್ ಜಾರಿ ಯಜಮಾನರು ಬಿದ್ದರು. ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು.

ಅವರನ್ನು ಎಕ್ಸ್‌ರೇಗೆ ಕರೆದುಕೊಂಡು ಹೋದ ಮೇಲೆ ನಾನು ಕೋಣೆಗೆ ಓಡಿದೆ. ಬುಷ್ ಮಂಚದ ಕೆಳಗೆ ಬಿದ್ದಿತ್ತು. ಯಾರೂ ನೋಡಿರಲಿಲ್ಲ. ಎತ್ತಿ ಕೋಟಿನ ಜೇಬಿಗೆ ಹಾಕಿಕೊಂಡೆ. ಕೆಲಸ ಹೋದರೆ ಮತ್ತೆ ಕಾಲರು ಹೊಲಿಯಬೇಕು, ಆ ಕುತ್ತಿಗೆ ನನಗೆ ಉಳಿದಿರಲಿಲ್ಲ.

ನರ್ಸಮ್ಮ ಬಂದು ವಾಕರನ್ನು ತಲೆಕೆಳಗು ಮಾಡಿ ನೋಡಿದರು. "ನಾಕನೇದು ಎಲ್ಲೋಯ್ತು?"

"ಗೊತ್ತಿಲ್ಲಕ್ಕ."

ಅವರು ಮಂಚ ಹಿಡಿದುಕೊಂಡು ನೆಲಕ್ಕಿಳಿದರು. ಆ ಮಂಡಿಯನ್ನು ಎಳೆದುಕೊಂಡು ಮಂಚದ ಕೆಳಗೆ, ಬೀರುವಿನ ಹಿಂದೆ, ಬಚ್ಚಲ ಮೂಲೆಯಲ್ಲಿ ಕೈಯಾಡಿಸಿ ಹುಡುಕಿದರು. ಹುಡುಕಿದಲ್ಲೇ ಮತ್ತೆ ಹುಡುಕಿದರು. ಪ್ರತಿ ಸಲ ಮಂಡಿ ಊರಿದಾಗಲೂ ಅವರ ಬಾಯಿಂದ ಸಣ್ಣಗೆ "ಅಮ್ಮಾ" ಬರುತ್ತಿತ್ತು. ಮೂರನೆಯ ಸಲ ಮಂಚದ ಕೆಳಗೆ ತಲೆ ಹಾಕಿದಾಗ ನನ್ನಿಂದ ತಡೆಯಲಾಗಲಿಲ್ಲ. ಬುಷ್ಷನ್ನು ತೆಗೆದು ಅವರ ಮುಂದೆ ಇಟ್ಟು ಅತ್ತುಬಿಟ್ಟೆ.

"ಆಮ್ಯಾಕೆ ಅಳಿವಂತೆ, ಮೊದ್ಲು ಎಬ್ಬಿಸು ನನ್ನ," ಎಂದರು.

ಸಂಜೆ ಹೊತ್ತಿಗೆ ಯಜಮಾನರು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದರು. ಹಿಂದೆಯೇ ಮಗ ಬಂದ. ತುಮಕೂರಿನ ಶಿರಾ ಗೇಟ್ ಹತ್ತಿರ ಟೈಲ್ಸ್ ಅಂಗಡಿ ಇಟ್ಟಿದ್ದ, ಐವತ್ತು ದಾಟಿದ ದೊಡ್ಡ ಮನುಷ್ಯ. "ಯಾರ್ರೀ ಡ್ಯೂಟೀಲಿದ್ದೋರು? ಅಪ್ಪ ಹೆಂಗ್ರೀ ಬಿದ್ರು?" ಎಂದು ಅವನು ಕೂಗಿದಾಗ ಮ್ಯಾನೇಜರು ಬೆವರು ಒರೆಸಿಕೊಳ್ಳುತ್ತ, "ವಯಸ್ಸಾಗಿದೆ ಸಾರ್, ತಾವೇ ಜಾರಿದ್ರು," ಎಂದರು.

ನರ್ಸಮ್ಮ ನನ್ನ ಬೆನ್ನಿನ ಮೇಲೆ ಕೈಯಿಟ್ಟರು. ತಳ್ಳಲಿಲ್ಲ, ಸುಮ್ಮನೆ ಇಟ್ಟರು. "ಹೇಳು," ಎಂದರು.

ನಾನು ಹೇಳಿದೆ. ಬುಷ್ ಅರ್ಧ ಒತ್ತಿದ್ದು, ಮರೆತದ್ದು, ಬಚ್ಚಿಟ್ಟದ್ದು, ಎಲ್ಲ.

"ಇವ್ರನ್ನ ಇವತ್ತೇ ಕಳ್ಸಿ," ಎಂದ ಮಗ.

"ಖಂಡಿತ ಸಾರ್," ಎಂದರು ಮ್ಯಾನೇಜರು.

"ಕಳ್ಸಿ," ಎಂದರು ನರ್ಸಮ್ಮ ಶಾಂತವಾಗಿ. "ತಪ್ಪು ಮಾಡವ್ಳೆ. ಆದ್ರೆ ಒಂದ್ಮಾತು ಸ್ವಾಮಿ. ನಿಜ ಹೇಳ್ದೋಳ್ನ ಕಳ್ಸಿದ್ರೆ, ಮುಂದ್ಲ ಸಲ ನಿಮ್ಮಪ್ಪ ಬಿದ್ದಾಗ ಹೆಂಗೆ ಬಿದ್ರು ಅಂತ ನಿಮ್ಗೆ ಯಾರೂ ಹೇಳಲ್ಲ."

ಮಗ ಮತ್ತೆ ದನಿ ಏರಿಸಿದ. "ಅದಿರ್ಲಿ, ಚೆನ್ನಾಗಿದ್ದ ವಾಕರ್ ಬಿಚ್ಚಿದ್ದಾದ್ರೂ ಯಾಕೆ?"

ನರ್ಸಮ್ಮ ಬಾಯಿ ಬಿಡಲಿಲ್ಲ. ಉತ್ತರ ಬಂದದ್ದು ಮಂಚದ ಮೇಲಿಂದ.

"ಯಾಕೆ ಬಿಚ್ಚಿದ್ರು ಅಂತೀಯೇನ್ಲಾ? ಅದ್ರೊಳ್ಗೆ ಮಿಠಾಯಿ ತುಂಬ್ದೋನು ಯಾವನ್ಲಾ? ಭಾನ್ವಾರ ಭಾನ್ವಾರ ಬಾಗ್ಲು ಹಾಕ್ಕೊಂಡು, ಕಡ್ಡೀಲಿ ತುರುಕ್ತಿದ್ದೋನು ನೀನೋ ಈ ಹೆಣ್ಮಗ್ಳೋ?"

ಟೈಲ್ಸ್ ಅಂಗಡಿಯ ದೊಡ್ಡ ಮನುಷ್ಯ ತನ್ನ ಬೂಟುಗಳನ್ನು ನೋಡುತ್ತ ನಿಂತ. ಮ್ಯಾನೇಜರು ಕೆಮ್ಮಿದರು. ಯಜಮಾನರು ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು, "ನಾನೇ ಕೇಳಿದ್ದು, ಅದೂ ದಿಟವೇ," ಎಂದು ಮೆಲ್ಲಗೆ ಸೇರಿಸಿದರು.

ನನಗೆ ಒಂದು ಮೆಮೊ ಸಿಕ್ಕಿತು, ಕೆಲಸ ಉಳಿಯಿತು. ಮಗ ಹೋದ ಮೇಲೆ ನಾನು, "ತಾನೇ ತುಂಬಿಸಿ ನಮ್ಮ ಮೇಲೆ ಕೂಗ್ತಾನಲ್ಲಕ್ಕ," ಎಂದು ಸಿಡಿಮಿಡಿಗೊಂಡೆ. ಅದೇ ಕೊಬ್ಬರಿ ಮಿಠಾಯಿಯ ಪೊಟ್ಟಣವನ್ನು ಹಿಂದಿನ ಭಾನುವಾರವೇ ಮಗನ ಚೀಲದಲ್ಲಿ ತಾವು ನೋಡಿದ್ದಾಗಿ ನರ್ಸಮ್ಮ ಆಗ ಹೇಳಿದರು. ನೋಡಿಯೂ ಅಷ್ಟು ಜನರ ಎದುರು ಹೇಳಿರಲಿಲ್ಲ.

"ಅವ್ನ ಬೈಬೇಡ ಕಣೇ. ಅಪ್ಪ ಬಾಯ್ಬಿಟ್ಟು ಕೇಳ್ದಾಗ ಇಲ್ಲ ಅನ್ನಕ್ಕೆ ನಮ್ಗೆ ಸಂಬ್ಳ ಕೊಡ್ತಾರೆ. ಮಕ್ಳಿಗೆ ಯಾರ್ ಕೊಡ್ತಾರೆ?"

ಅಂದು ಕೇಳಲಾಗದ ಇನ್ನೊಂದು ಪ್ರಶ್ನೆಯನ್ನು ಬಹಳ ದಿನಗಳ ಮೇಲೆ ಕೇಳಿದೆ. ಬುಷ್ ನನ್ನ ಜೇಬಿನಲ್ಲಿರುವುದು ಅವರಿಗೆ ಗೊತ್ತಿತ್ತೇ?

"ಗೊತ್ತಿದ್ರೆ ಈ ಮಂಡಿ ಇಟ್ಕೊಂಡು ನೆಲಕ್ಕೆ ಯಾಕೆ ಕೂರ್ತಿದ್ನೇ ನಾನು?" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು. ಕಿಟಕಿಯ ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ.

ಡಾಕ್ಟರ ಒಪ್ಪಿಗೆ ಪಡೆದು ಭಾನುವಾರಕ್ಕೊಂದು ತುಂಡು ಮಿಠಾಯಿ ನಿಗದಿಯಾಯಿತು. ಮಗ ಅದನ್ನು ಎಲ್ಲರೆದುರು ಅಪ್ಪನ ಬಾಯಿಗಿಡಬೇಕು, ಅವರ ಜೊತೆ ಪಡಸಾಲೆಯಲ್ಲಿ ಮೂರು ಸುತ್ತು ಹಾಕಬೇಕು. ಕದ್ದು ತಿಂದಾಗಿನ ರುಚಿ ಇದಕ್ಕಿಲ್ಲ ಎಂದು ಯಜಮಾನರು ದೂರಿದರು. ಆದರೂ ಭಾನುವಾರ ಬೆಳಿಗ್ಗೆಯೇ ಗಡ್ಡ ಮಾಡಿಸಿಕೊಂಡು ಕೂರುತ್ತಿದ್ದರು.

ನಾನು ಅಲ್ಲಿಗೆ ಸೇರಿ ಆರು ವರ್ಷವಾಗಿದೆ. ಈ ಆರು ವರ್ಷದಲ್ಲಿ ನರ್ಸಮ್ಮನ ಮಂಡಿ ಪೂರ್ತಿ ಸೋತಿತು. ಮೆಟ್ಟಿಲು ಹತ್ತಲಾಗದಾಗ ಅವರೇ ಮ್ಯಾನೇಜರಿಗೆ ಹೇಳಿದರು, "ಇನ್ನೊಬ್ರನ್ನ ಎತ್ತೋ ಬದ್ಲು ನನ್ನೇ ಎತ್ಬೇಕಾಯ್ತದೆ. ಸಾಕು."

ಬೀಳ್ಕೊಡುಗೆಗೆ ಊಟದ ಮನೆಯಲ್ಲಿ ಕುರ್ಚಿ ಹಾಕಿದೆವು. ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟ ಅವರ ತುರುಬಿನ ಮೇಲೆ ನಿಲ್ಲದೆ ಪದೇ ಪದೇ ಕಣ್ಣಿಗೆ ಇಳಿಯುತ್ತಿತ್ತು. ಮ್ಯಾನೇಜರು ಸೇವೆ, ತ್ಯಾಗ ಎಂದು ಉದ್ದವಾಗಿ ಮಾತಾಡುತ್ತಿದ್ದಾಗ ಒಳಗಿನಿಂದ ಕರೆಗಂಟೆ ಬಡಿಯಿತು.

ನರ್ಸಮ್ಮ ಎದ್ದುಬಿಟ್ಟರು. ಹಾರ, ಶಾಲು, ಪೇಟ ಸಮೇತ ಅರ್ಧ ಎದ್ದು, ಕುರ್ಚಿಯ ಕೈ ಹಿಡಿದು ನಿಂತರು. ನಾನು ಹತ್ತಿರ ಹೋಗಿ, "ನೀವು ಕೂತ್ಕೊಳಿ ಅಕ್ಕ, ನಾನು ಹೋಗ್ತೀನಿ," ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಮೆಲ್ಲಗೆ ಕೂತರು. ಅಷ್ಟು ವರ್ಷದಲ್ಲಿ ಗಂಟೆ ಬಡಿಯುವಾಗ ಅವರು ಕೂತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಾನು ಆ ಕೋಣೆಯಿಂದ ಹೊರಬರುವಷ್ಟರಲ್ಲಿ ಸಭೆ ಮುಗಿದಿತ್ತು. ಗುಬ್ಬಿಯ ಬಸ್ಸು ಬಂತೆಂದು ಯಾರೋ ಅವರನ್ನು ರಸ್ತೆ ದಾಟಿಸಿ ಹತ್ತಿಸಿದ್ದರು. ಊಟದ ಮನೆಯಲ್ಲಿ ಖಾಲಿ ಕುರ್ಚಿಗಳು, ಉದುರಿದ ಹೂವು. ಒಂದು ಮಾತೂ ಆಡದೆ ಹೋದರಲ್ಲ ಎಂದುಕೊಂಡೆ. ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿ, ನೆಲ ಗುಡಿಸಿ ಮುಗಿಸುವ ಹೊತ್ತಿಗೆ ಫೋನ್ ಬಂತು.

"ಬೆಲ್ಲು ಯಾರ್ದು?"

"ಹನ್ನೊಂದನೇ ರೂಮಿನ ಅಜ್ಜಿದು ಅಕ್ಕ."

"ಏನಂತೆ?"

"ಫ್ಯಾನ್ ಒಂದು ಪಾಯಿಂಟ್ ಕಮ್ಮಿ ಮಾಡ್ಬೇಕಿತ್ತಂತೆ."

"ಮಾಡ್ದ್ಯಾ?"

"ಮಾಡ್ದೆ."

"ಕಾಲ್ಗೆ ಹೊದ್ಸಿದ್ಯಾ?"

"ಹೊದ್ಸಿದೀನಿ. ಹೇಳೇ ಹೊದ್ಸಿದೆ ಅಕ್ಕ."

ಆ ಕಡೆಯಿಂದ ಕಂಡಕ್ಟರು, "ಗುಬ್ಬಿ, ಗುಬ್ಬಿ ಇಳಿಯೋರು," ಎಂದು ಎರಡನೆಯ ಸಲ ಕೂಗಿದ್ದು ಕೇಳಿಸಿತು. ಆಮೇಲೆ ಅವರು ಉಸಿರು ಬಿಟ್ಟದ್ದು ಕೇಳಿಸಿತು.

"ಸರಿ ಬುಡು. ಹಂಗಾದ್ರೆ ನಾನು ಇಳೀತೀನಿ."